ಸೂರು ಮುಚ್ಚಿಕೊಂಡವರಿಗೆ ಪರಿಹಾರ ತಪ್ಪಬಾರದು

ಏಪ್ರಿಲ್-ಮೇ ತಿಂಗಳ ಗಾಳಿ ಮಳೆಯ ಮರುದಿನ ನಾವು ಕಳಿಸುವ ಸುದ್ದಿ ಹೆಚ್ಚುಕಡಿಮೆ ಒಂದೇ. ಇಷ್ಟು ಮನೆಗಳ ತಗಡು ಹಾರಿವೆ, ಇಷ್ಟು ಕಂಬ ಉರುಳಿವೆ, ತಹಶೀಲ್ದಾರರು ಭೇಟಿ ಕೊಟ್ಟು ಪರಿಶೀಲಿಸಿದರು. ಆಮೇಲೆ ಆ ಮನೆಯವರ ಪಾಡು ಏನಾಯಿತು ಎಂದು ನಾವೂ ಬರೆಯುವುದು ಕಡಿಮೆ.

ತಗಡು ಹಾರಿದ ರಾತ್ರಿ ಅವರ ಮುಂದೆ ಎರಡೇ ದಾರಿ. ಕೂಡಲೇ ತಾಡಪಾಲು ಹೊದಿಸಿ ಜೋಳದ ಚೀಲ, ಹಾಸಿಗೆ, ಮಕ್ಕಳ ಪುಸ್ತಕ ಉಳಿಸಿಕೊಳ್ಳಬೇಕು. ಇಲ್ಲವೇ 'ಸಾಹೇಬರು ಬಂದು ನೋಡಲಿ' ಎಂದು ಹಾಗೇ ಬಿಡಬೇಕು. ಗ್ರಾಮ ಆಡಳಿತ ಅಧಿಕಾರಿ, ಎಂಜಿನಿಯರ್ ಬರುವಷ್ಟರಲ್ಲಿ ರಿಪೇರಿ ಮಾಡಿಕೊಂಡವರ ಮನೆ 'ಅಲ್ಪ ಹಾನಿ' ಎನಿಸಿಕೊಳ್ಳುವ ಭಯ. ಮುಟ್ಟದೆ ಬಿಟ್ಟವರ ಮಣ್ಣಿನ ಗೋಡೆ ಎರಡನೇ ಮಳೆಗೆ ಕುಸಿಯುವ ಭಯ.

ಈ ಭಯಕ್ಕೆ ಕಾರಣವಿದೆ. ವಿಪತ್ತು ಪರಿಹಾರ ನಿಧಿಯ 2022ರ ಮಾರ್ಗಸೂಚಿಯಂತೆ ಬಯಲು ಪ್ರದೇಶದಲ್ಲಿ ಪೂರ್ತಿ ಹಾನಿಯಾದ ಮನೆಗೆ 1.20 ಲಕ್ಷ ರೂ. ಕನಿಷ್ಠ ಶೇ. 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. 2019ರ ನೆರೆಯ ನಂತರ ರಾಜ್ಯ ಸರ್ಕಾರ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದವಕ್ಕೆ 5 ಲಕ್ಷ ಘೋಷಿಸಿತ್ತು. ಒಂದು ಅಕ್ಷರ ಬದಲಾದರೆ ಲಕ್ಷಗಳ ಲೆಕ್ಕವೇ ಬದಲು.

ಸುಳ್ಳು ಫಲಾನುಭವಿಗಳು ನುಸುಳುತ್ತಾರೆ ಎಂಬ ಅಧಿಕಾರಿಗಳ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಅದಕ್ಕೆ ಮದ್ದು ಕೈಯಲ್ಲೇ ಇದೆ. ದಿನಾಂಕ, ಸ್ಥಳ ದಾಖಲಾಗುವ ಮೊಬೈಲ್ ಫೋಟೊವನ್ನು ಪಂಚಾಯಿತಿ ಅಂದೇ ಪಡೆದು ಮಹಜರಿಗೆ ಸೇರಿಸಲಿ. ಅಕ್ಕಪಕ್ಕದವರ ಸಹಿ ಇರಲಿ. ತಾಡಪಾಲನ್ನೂ ಪಂಚಾಯಿತಿಯೇ ಕೊಡಲಿ.

ಇನ್ನು ವಿಮೆ. ಬೆಳೆ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕೆಂಬುದು ಎಷ್ಟೋ ರೈತರಿಗೆ ಬಾಯಿಪಾಠ. ಮನೆಗೂ ವಿಮೆಯುಂಟು ಎಂಬುದು ಗೊತ್ತಿರುವವರು ವಿರಳ. 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಪಾಲಿಸಿ ಇದೆ. ಬಿರುಗಾಳಿ, ನೆರೆ, ಭೂಕುಸಿತ ಎಲ್ಲ ಅದರಲ್ಲಿ ಬರುತ್ತವೆ. ಮನೆ ಸಾಲ ಪಡೆದವರು ಬ್ಯಾಂಕಿಗೆ ಹೋಗಿ, ತಮ್ಮ ಹೆಸರಲ್ಲಿ ಮನೆ ವಿಮೆ ಮಾಡಿಸಿದ್ದಾರೆಯೇ ಎಂದು ಕೇಳಿ, ಪಾಲಿಸಿ ಪ್ರತಿ ತಂದಿಟ್ಟುಕೊಳ್ಳಬೇಕು. ಪೆಟ್ಟಿಗೆಯಲ್ಲಿರದ ಪಾಲಿಸಿ ಮಳೆಗಾಲಕ್ಕೆ ಒದಗುವುದಿಲ್ಲ.

ಪಾಲಿಸಿ ಇದ್ದರೆ ಅಂದೇ ಕಂಪನಿಗೆ ತಿಳಿಸಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಹೊದಿಸುವ ಮೊದಲು ಒಳಗೂ ಹೊರಗೂ ಫೋಟೊ ತೆಗೆಯಿರಿ. ಬಾಗಿದ ತಗಡನ್ನು ಗುಜರಿಗೆ ಹಾಕಬೇಡಿ, ಸರ್ವೇಯರ್ ನೋಡಲಿ. ತಾಡಪಾಲು, ವೆಲ್ಡಿಂಗ್, ಕೂಲಿ ಎಲ್ಲಕ್ಕೂ ರಸೀದಿ ಇರಲಿ. ಕ್ಲೇಮು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಗೆ ದೂರು ಕೊಡಿ. ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಲೋಕಪಾಲರಿಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಗೆಳೆಯರೇ, ಮುಂದಿನ ಗಾಳಿ ಮಳೆಗೆ ತಹಶೀಲ್ದಾರರನ್ನು 'ಎಷ್ಟು ಮನೆ ಸಾರ್?' ಎಂದು ಕೇಳುವಾಗ ಇನ್ನೆರಡು ಪ್ರಶ್ನೆ ಸೇರಿಸೋಣ: ಎಷ್ಟು ತಾಡಪಾಲು ಕೊಟ್ಟಿರಿ? ಮನೆಯವರು ತೆಗೆದ ಫೋಟೊ ಒಪ್ಪುತ್ತೀರಾ?