ಹೊಸರಿತ್ತಿಯ ಹೊಲಕ್ಕೆ ಯಾವ ಊರಿನ ಅಣುಜೀವಿ?

2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ತೆತ್ತರು. ಆಮೇಲೆ ಸರಕಾರಗಳು ಬದಲಾದವು. ಗೊಬ್ಬರದಂಗಡಿಯ ಮುಂದಿನ ಸಾಲು ಮಾತ್ರ ಕರಗಲಿಲ್ಲ. 2025ರ ಮುಂಗಾರಿನಲ್ಲಿಯೂ ರಾಜ್ಯದ ರೈತರು ಯೂರಿಯಾಕ್ಕಾಗಿ ಪರದಾಡಿದರು. ಚೀಲದೊಳಗಿನ ರಂಜಕವನ್ನು ಗಾಳಿ ಕೊಡಲಾರದೆಂಬುದು ನಿಜ. ಆದರೆ ಸಾರಜನಕ? ವಾತಾವರಣದ ನೂರರಲ್ಲಿ 78 ಪಾಲು ಅದೇ ಇದೆ. ಅದನ್ನು ಹಿಡಿದು ಗಿಡಕ್ಕೆ ಉಣಿಸುವ ರೈಜೋಬಿಯಂ ಅಣುಜೀವಿಗಳು ದ್ವಿದಳ ಬೆಳೆಗಳ ಬೇರುಗಂಟುಗಳಲ್ಲಿ ಯಾವ ಸಬ್ಸಿಡಿಯನ್ನೂ ಬೇಡದೆ ದುಡಿಯುತ್ತವೆ. ಅವುಗಳಲ್ಲಿ ದಕ್ಷವಾದವನ್ನು ಆಯಾ ಸೀಮೆಯ ಮಣ್ಣಿನಿಂದಲೇ ಆರಿಸಿ ರೈತನ ಕೈಗಿಡುವುದು ಕೃಷಿ ನೀತಿಯ ಮೊದಲ ಕೆಲಸವಾಗಬೇಕಿತ್ತು. ಅದು ಕೊನೆಯ ಕೆಲಸವೂ ಆಗಿಲ್ಲ.

ಇಕ್ಕೇರಿಯ ಬಳಿಯ ವರದಾಮೂಲದಲ್ಲಿ ಹುಟ್ಟುವ ವರದೆಯು ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವ ಮುನ್ನ ಹೊಸರಿತ್ತಿಯನ್ನು ಹಾದುಹೋಗುತ್ತದೆ. ನದಿ ಒಂದೇ, ಮಣ್ಣು ಒಂದಲ್ಲ. ಮಲೆನಾಡಿನ ಮಣ್ಣು ಹುಳಿ. ಹೊಸರಿತ್ತಿಯ ಎರೆ ಕ್ಷಾರದ ಕಡೆಗೆ ವಾಲಿದ್ದು. ರಾಣೇಬೆನ್ನೂರು, ಬ್ಯಾಡಗಿ ಕಡೆಯ ಮಸಾರಿಯ ಗುಣ ಇನ್ನೊಂದು. ಈ ಮೂರಕ್ಕೂ ಅಂಗಡಿಯಲ್ಲಿ ಸಿಗುವುದು ಒಂದೇ ಪೊಟ್ಟಣ. 2006ರಲ್ಲಿ ಜೈವಿಕ ಗೊಬ್ಬರಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದಾಗ, ಪುಡಿರೂಪದ ರೈಜೋಬಿಯಂನ ಪ್ರತಿ ಗ್ರಾಮಿನಲ್ಲಿ ಕನಿಷ್ಠ 5 ಕೋಟಿ ಜೀವಂತ ಕಣಗಳಿರಬೇಕು, ಪೊಟ್ಟಣದ ಮೇಲೆ ಹೆಸರಿಸಿದ ಬೆಳೆಯಲ್ಲಿ ಅದು ಗಂಟು ಕಟ್ಟಬೇಕು ಎಂದು ವಿಧಿಸಲಾಯಿತು. ಆ ಜೀವಿ ಯಾವ ಮಣ್ಣಿನದು, ಎಲ್ಲಿ ಗೆದ್ದು ಬಂದದ್ದು ಎಂದು ಆದೇಶ ಕೇಳಲಿಲ್ಲ. ತಗಡಿನ ಮಾಡಿನ ಅಂಗಡಿಯಲ್ಲಿ ವೈಶಾಖದ ಬಿಸಿಲುಂಡು ಸತ್ತ ಪೊಟ್ಟಣಗಳ ಕಥೆ ಬೇರೆಯೇ ಇದೆ.

ಬದುಕಿ ಬಂದ ಜೀವಿಗೂ ಹೊಲದಲ್ಲಿ ಸುಲಭದ ಸ್ವಾಗತವಿಲ್ಲ. ಅಲ್ಲಿ ಮೊದಲೇ ನೆಲೆನಿಂತ ಸ್ಥಳೀಯ ತಳಿಗಳು ಬೇರಿನ ಬಾಗಿಲನ್ನು ಹಿಡಿದಿರುತ್ತವೆ. ಹವಾಯಿ ದ್ವೀಪಗಳ ಹೊಲಗಳಲ್ಲಿ ನಡೆದು 1991ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಒಂದು ಗ್ರಾಂ ಮಣ್ಣಿನಲ್ಲಿ ಬರಿಯ 50 ಸ್ಥಳೀಯ ರೈಜೋಬಿಯಂಗಳಿದ್ದರೂ ಹೊರಗಿನಿಂದ ಲೇಪಿಸಿದ ತಳಿಯ ಲಾಭ ಇಲ್ಲವಾಗಬಲ್ಲದೆಂದು ಕಂಡುಬಂದಿತು. ರೈತನು ಪೊಟ್ಟಣಕ್ಕೆ ಹಣ ತೆತ್ತು, ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಿನಲ್ಲಿ ಒಣಗಿಸಿ ಬಿತ್ತಿಯೂ ಫಲ ಕಾಣದಿದ್ದರೆ ತಪ್ಪು ಅವನದಲ್ಲ.

ಹಾಗೆಂದು ಸ್ಥಳೀಯವಾದುದೆಲ್ಲ ಶ್ರೇಷ್ಠವೆನ್ನುವ ಭಾವುಕತೆಯೂ ಸಲ್ಲದು. ಪರಿಸರದ ಪರವಾಗಿ ಮಾತನಾಡುವವರಲ್ಲಿಯೇ ಈ ರೋಗ ಹೆಚ್ಚು. ಶೇಂಗಾ, ಅಲಸಂದಿ, ಹೆಸರು, ಹುರಳಿ, ತೊಗರಿಗಳಲ್ಲಿ ಗಂಟು ಕಟ್ಟುವ ಜೀವಿಗಳು ಇಲ್ಲಿನ ಹೊಲಗಳಲ್ಲಿ ಧಾರಾಳವಾಗಿವೆ. ಆದರೆ ಗಂಟು ಕಟ್ಟುವುದೇ ಬೇರೆ, ಸಾರಜನಕ ಕೊಡುವುದೇ ಬೇರೆ. ಗಿಡದ ಸಕ್ಕರೆಯನ್ನು ತಿಂದು ಏನನ್ನೂ ಕೊಡದ ಸೋಮಾರಿ ತಳಿಗಳೂ ಅದೇ ಬೇರಿನಲ್ಲಿ ಬಿಡಾರ ಹೂಡುತ್ತವೆ. ಹೂಬಿಡುವ ಹೊತ್ತಿನಲ್ಲಿ ಗಂಟನ್ನು ಸೀಳಿ ನೋಡಿದರೆ ಗುಟ್ಟು ತಿಳಿಯುತ್ತದೆ: ಒಳಗೆ ನಸುಗೆಂಪಾಗಿದ್ದರೆ ದುಡಿಮೆ ನಡೆದಿದೆ; ಬಿಳಿಚಿಕೊಂಡಿದ್ದರೆ ಅಥವಾ ಹಸಿರಾಗಿದ್ದರೆ ಇಲ್ಲ. ಆದ್ದರಿಂದಲೇ ಆಯ್ಕೆ ಬೇಕು.

ಆ ಆಯ್ಕೆ ನಿಗೂಢ ವಿದ್ಯೆಯೇನಲ್ಲ. ಗೊಬ್ಬರ ಕಾಣದ ಬದುವಿನಂಚಿನಲ್ಲಿಯೂ ಕಡುಹಸಿರಾಗಿ ನಿಂತ ಗಿಡವನ್ನು ಬೇರುಸಹಿತ ಅಗೆದು, ಗಂಟುಗಳನ್ನು ತೊಳೆದು, ಹೊರಮೈಯನ್ನು ಔಷಧದಿಂದ ಶುದ್ಧಗೊಳಿಸಿ, ಒಳಗಿನ ಜೀವಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಬೇಕು. ಬಳಿಕ ಸಾರಜನಕವಿಲ್ಲದ ಶುದ್ಧ ಮರಳಿನ ಕುಂಡಗಳಲ್ಲಿ ಅದೇ ಬೆಳೆಯನ್ನು ಬಿತ್ತಬೇಕು: ಕೆಲವಕ್ಕೆ ಜೀವಿಯ ಲೇಪ, ಕೆಲವಕ್ಕೆ ಏನೂ ಇಲ್ಲ, ಕೆಲವಕ್ಕೆ ಯೂರಿಯಾ. ಒಣಗಿಸಿದ ಗಿಡಗಳ ತೂಕವೇ ತೀರ್ಪು ಹೇಳುತ್ತದೆ. ಕುಂಡದಲ್ಲಿ ಗೆದ್ದುದನ್ನು ಕಡೆಗೆ ಹೊಲಕ್ಕಿಳಿಸಿ, ಊರಿನ ಸೋಮಾರಿಗಳನ್ನು ಹಿಂದಿಕ್ಕುವುದೋ ಎಂದು ನೋಡಬೇಕು. ಈ ಕಡೆಯ ಪರೀಕ್ಷೆಯನ್ನು ಬಿಟ್ಟರೆ ಉಳಿದುದೆಲ್ಲ ವ್ಯರ್ಥ.

ಬ್ರೆಜಿಲ್ ಈ ದಾರಿಯನ್ನು ಎಂದೋ ಹಿಡಿಯಿತು. ಸೋಯಾ ಅವರೆ ಆ ದೇಶಕ್ಕೂ ಪರದೇಶದ ಬೆಳೆಯೇ. ಅದಕ್ಕೆ ಹೊಂದುವ ಜೀವಿಯನ್ನು ಹೊರಗಿನಿಂದ ತರಬೇಕಾಯಿತು. ಆದರೆ ಯೋಹಾನ್ನಾ ಡೋಬರೈನರ್ ಅವರಂಥ ವಿಜ್ಞಾನಿಗಳ ಹಟದಿಂದಾಗಿ, ತಂದ ತಳಿಗಳಲ್ಲಿ ಅಲ್ಲಿನ ಮಣ್ಣಿಗೆ ಒಗ್ಗಿ ಉಳಿದವನ್ನೇ ಮತ್ತೆ ಮತ್ತೆ ಆರಿಸಲಾಯಿತು. ಇಂದು ಅಲ್ಲಿನ ಸೋಯಾ ಹೊಲಗಳು ಸಾರಜನಕ ಗೊಬ್ಬರವಿಲ್ಲದೆಯೇ ಬೆಳೆ ಕೊಡುತ್ತಿವೆ.

ಇಲ್ಲಿ 45 ಕಿಲೋ ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸಿಗುತ್ತದೆ. ಅದರಲ್ಲಿರುವ ಸಾರಜನಕ ಸುಮಾರು 20.7 ಕಿಲೋ. ವಿದೇಶದಿಂದ ತಂದ ಅನಿಲವನ್ನು ಸುಟ್ಟು ತಯಾರಿಸಿದ ಚೀಲದ ನಿಜವಾದ ಬೆಲೆಯನ್ನು ಸರಕಾರದ ಬೊಕ್ಕಸ ಮುಚ್ಚಿಡುತ್ತದೆ. ಯೂರಿಯಾ ಉಂಡ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ ಎಂಬುದು ಇನ್ನೊಂದು ನಷ್ಟ. ಗೋವಿನಜೋಳ ಜಿಲ್ಲೆಯನ್ನು ಆವರಿಸಿದಂತೆಲ್ಲ ಕಾಳಿನ ಸಾಲುಗಳು ಹಿಂದೆ ಸರಿದವು. ಅವುಗಳೊಡನೆ ಬೇರಿನ ಜೀವಿಗಳ ನೆಲೆಯೂ ಕುಗ್ಗಿತು.

ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಕೃಷಿ ಮಹಾವಿದ್ಯಾಲಯವಿದೆ. ಹೊಸರಿತ್ತಿಯಲ್ಲಿ ಗಾಂಧಿ ಗ್ರಾಮೀಣ ಗುರುಕುಲವಿದೆ. ಹಿಂಗಾರಿನ ಕಡಲೆ ಹೂಬಿಡುವ ಹೊತ್ತಿಗೆ ಒಂದೊಂದು ಊರಿನಿಂದ ಹತ್ತು ಗಿಡ ಅಗೆದು ತರುವುದು, ಗಂಟು ಸೀಳಿ ಬಣ್ಣ ಬರೆದಿಡುವುದು, ಕುಂಡಗಳಿಗೆ ನೀರು ಹಾಕುವುದು ವಿದ್ಯಾರ್ಥಿಗಳಿಂದ ಆಗದ ಕೆಲಸವಲ್ಲ. ಜೀವಿಯನ್ನು ಬೆಳೆಸಿ, ಹೆಸರಿಟ್ಟು, ಕಾಪಿಡುವ ಹೊಣೆ ಕೇಂದ್ರದ್ದು. ಪೊಟ್ಟಣದ ಮೇಲೆ ಬೆಳೆಯ ಹೆಸರಿನ ಜೊತೆಗೆ ಜೀವಿಯನ್ನು ಪಡೆದ ಊರು, ಮಣ್ಣಿನ ಬಗೆ, ಹೊಲದ ಪರೀಕ್ಷೆಯ ವರ್ಷ ಇವು ಮೂರನ್ನು ಅಚ್ಚು ಹಾಕಬೇಕೆಂದು ರೈತ ಸಂಘಟನೆಗಳು ಮುಂದಿನ ಬಿತ್ತನೆಗೆ ಮುನ್ನವೇ ಕೃಷಿ ಇಲಾಖೆಯನ್ನು ಲಿಖಿತವಾಗಿ ಒತ್ತಾಯಿಸಬೇಕು.