ಕರೆ ಬಂದದ್ದು ಯಾರಿಗೆ?

ಮೊದಲೇ ಹೇಳಿಬಿಡ್ತೀನಿ. ಇದನ್ನು ಓದಿ ಚಪ್ಪಾಳೆ ತಟ್ಟೋಣ ಅಂತ ಕೇಸರಿ ಶಾಲು ಸರಿಮಾಡಿಕೊಂಡು ಕೂತವರು ಎದ್ದು ಹೋಗಿ. ನಿಮ್ಮ ಬಾಯಿಗೆ ಎಲೆ ಅಡಿಕೆ ಹಾಕಲು ನಾನು ಬರೆಯುತ್ತಿಲ್ಲ. ನಿಮ್ಮ ಲೆಕ್ಕ ಬೇರೆ ಇದೆ, ಅದಕ್ಕೂ ಬರ್ತೀನಿ. ಇನ್ನು ನಮ್ಮ ಸಭೆಯ ಹಿರಿಯರು, ಬಿಳಿ ಅಂಗಿಗೆ ಗಂಜಿ ಹಾಕಿಸಿಕೊಂಡು ‘ಮಿಷನರಿಗಳ ತ್ಯಾಗ’ ಎಂಬ ಭಾಷಣವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುವವರು, ನೀವು ಮಾತ್ರ ಕೂತಿರಿ. ಬಾಗಿಲು ಹಾಕಿಸಿದ್ದೇನೆ.

ಯಾರ ತ್ಯಾಗ ಸ್ವಾಮಿ? ತನ್ನದನ್ನು ಕೊಟ್ಟರೆ ತ್ಯಾಗ. ದೇವರ ಕರೆ ಬಂದದ್ದು ಅಪ್ಪ ಅವ್ವನಿಗೆ, ಕೂಸಿಗಲ್ಲ. ಆರು ವರ್ಷದ ಕೂಸನ್ನು ಹಡಗು ಹತ್ತಿಸಿ ಕಳಿಸುವುದಕ್ಕೆ ನಮ್ಮ ಕೇರಿಯಲ್ಲಿ ಬೇರೆ ಮಾತಿದೆ. ಅಚ್ಚುಹಾಕುವಂಥ ಮಾತಲ್ಲ ಅದು.

1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. 1834ರಲ್ಲಿ ಮಂಗಳೂರಿಗೆ ಬಂತು. ಹಂಚು, ನೇಯ್ಗೆ, ಅಚ್ಚುಕೂಟ, ಶಾಲೆ ಎಲ್ಲ ನಿಮಗೆ ಗೊತ್ತು, ಶಾಲೆಯ ಪ್ರಬಂಧದಲ್ಲಿ ಬರೆದಿದ್ದೀರಿ. ಬರೆಯದೆ ಬಿಟ್ಟದ್ದನ್ನು ಕೇಳಿ. ಮಿಷನರಿ ಒಂಟಿಯಾಗಿ ಬರಬೇಕು. ಕೆಲ ವರ್ಷ ದುಡಿದ ಮೇಲೆ ಮದುವೆಗೆ ಕಮಿಟಿಯ ಅಪ್ಪಣೆ ಬೇಡಬೇಕು. ಒಪ್ಪಿಗೆ ಸಿಕ್ಕರೆ ಅಲ್ಲಿಂದ ಹೆಣ್ಣು ಹಡಗಿನಲ್ಲಿ ಬರುತ್ತಿದ್ದಳು; ಎಷ್ಟೋ ಸಲ ಗಂಡ ಹೆಂಡಿರು ಮುಖ ನೋಡಿಕೊಳ್ಳುತ್ತಿದ್ದದ್ದೇ ಇಲ್ಲಿ. ಮಕ್ಕಳಾದವು. ಮಕ್ಕಳಿಗೆ ಆರೇಳು ವರ್ಷ ತುಂಬುವಷ್ಟರಲ್ಲಿ ಯುರೋಪಿಗೆ ಸಾಗಿಸಬೇಕು. ಬಾಸೆಲಿನಲ್ಲಿ ಅವಕ್ಕಾಗಿ ಮಕ್ಕಳ ಮನೆ ಕಟ್ಟಿಸಿದ್ದರು. ಅಪ್ಪ ಅವ್ವ ಇಲ್ಲಿ ಪರರ ಮಕ್ಕಳಿಗೆ ಪರಲೋಕದ ತಂದೆಯ ಬಗ್ಗೆ ಪಾಠ ಹೇಳುತ್ತಿದ್ದರು. ಅವರದೇ ಮಕ್ಕಳು ಅಲ್ಲಿ ಇಹಲೋಕದ ತಂದೆಯ ಮುಖ ಮರೆಯುತ್ತಿದ್ದವು. ಹತ್ತು ವರ್ಷವಾದರೂ ಭೇಟಿಯಿಲ್ಲ. ತಿಂಗಳುಗಟ್ಟಲೆ ದಾರಿ ಸವೆಸಿ ಒಂದು ಪತ್ರ.

ಕಾರಣ ಕೇಳಿದರೆ ಹವೆ ಅಂದರು, ಜ್ವರ ಅಂದರು. ಅದು ಸುಳ್ಳಲ್ಲ. ಮಿಷನ್ ಸ್ಮಶಾನಗಳಲ್ಲಿ ಗೇಣುದ್ದದ ಗೋರಿಗಳನ್ನು ನಾನೂ ನೋಡಿದ್ದೇನೆ. ಓದು ಅಂದರು, ಅದೂ ಒಪ್ಪಿದೆ. ಆದರೆ ಮೂರನೆಯ ಕಾರಣವೊಂದಿತ್ತು. ಆಳುಗಳ ಸಹವಾಸದಲ್ಲಿ ಮಕ್ಕಳು ಕೆಡುತ್ತವೆ. ಅವರ ಮಾತು ಕಲಿಯುತ್ತವೆ, ಅವರ ನಡೆ ಕಲಿಯುತ್ತವೆ, ಅನ್ಯಧರ್ಮದವರ ಗಾಳಿ ತಗಲುತ್ತದೆ.

ಆಳುಗಳು ಅಂದರೆ ನಮ್ಮವರು. ಕೂಸಿನ ಕುಂಡಿ ತೊಳೆಯುವಾಗ ಗಾಳಿ ತಗಲುತ್ತಿರಲಿಲ್ಲ.

ತಲಶೇರಿಯಲ್ಲಿ 1842ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು, ಮಾರಿ ಗುಂಡರ್ಟ್. ಮಲಯಾಳ ನಿಘಂಟು ಬರೆದ ಹೆರ್ಮನ್ ಗುಂಡರ್ಟರ ಮಗಳು. ಎಳೆಗೂಸಾಗಿರುವಾಗಲೇ ಆಕೆಯನ್ನು ಯುರೋಪಿಗೆ ಒಯ್ದು ಬಿಟ್ಟು ಬಂದರು. ಮತ್ತೆ ಅಪ್ಪ ಅವ್ವನನ್ನು ಕಂಡದ್ದು ಹದಿಹರೆಯಕ್ಕೆ ಬಂದ ಮೇಲೆ. ಅಂಥ ಗಾಯ ಉಂಡವಳು ತನ್ನ ಮಗುವಿಗೆ ಅದನ್ನು ಮಾಡಬಾರದಲ್ಲ? ಮಾಡಿದಳು. ಮಂಗಳೂರಿನಲ್ಲಿ ಮಿಷನರಿಯಾಗಿದ್ದ ಯೊಹಾನೆಸ್ ಹೆಸ್ಸೆಯನ್ನು ಮದುವೆಯಾದಳು. 1884ರಲ್ಲಿ ಆರು ವರ್ಷದ ಮಗ ಹಟಮಾರಿ ಅಂತ ಇಬ್ಬರೂ ಕೂಡಿ ಅವನನ್ನು ಬಾಸೆಲಿನಲ್ಲಿದ್ದ ಮಿಷನ್ನಿನ ಹುಡುಗರ ಮನೆಗೆ ಹಾಕಿದರು. ಅವರಿದ್ದದ್ದೂ ಅದೇ ಊರಿನಲ್ಲಿ! ಆ ಹುಡುಗ 1892ರಲ್ಲಿ ಮೌಲ್‌ಬ್ರಾನ್ ಸೆಮಿನರಿಯಿಂದ ಓಡಿಹೋದ, ಸಾಯಲು ನೋಡಿದ. ಹೆಸರು ಹೆರ್ಮನ್ ಹೆಸ್ಸೆ. ‘ಸಿದ್ಧಾರ್ಥ’ ಓದಿ ಅರೆಗಣ್ಣು ಮುಚ್ಚುವ ನಮ್ಮ ಅಧ್ಯಾತ್ಮದ ಮಂದಿ, ಮನೆ ಬಿಟ್ಟು ಹೋಗುವ ಮಗನ ಕತೆ ಎಲ್ಲಿಂದ ಬಂತು ಅಂತ ಒಂದು ಸಲವಾದರೂ ಯೋಚಿಸಿದ್ದಾರೋ ಇಲ್ಲವೋ. ಅವನ ಅಳು ಪುಸ್ತಕವಾಯಿತು, 1946ರಲ್ಲಿ ನೊಬೆಲ್ ಕೂಡ ಬಂತು. ನೊಬೆಲ್ ಬಾರದ ಮಕ್ಕಳ ಅಳು ಮಿಷನ್ನಿನ ಗೋಡೆಗಳಿಗೇ ಗೊತ್ತು.

ಕಿಟ್ಟೆಲ್ಲರ ಮಾತು ಬೇಡ ಅನ್ನಬೇಡಿ. 1894ರ ಆ ಕನ್ನಡ ನಿಘಂಟು ನನ್ನ ಮೇಜಿನ ಮೇಲೂ ಇದೆ, ದಿನಾ ತೆಗೆಯುತ್ತೇನೆ. ಅದನ್ನು ಮುಗಿಸಲಿಕ್ಕೆ ಅವರು 1883ರಲ್ಲಿ ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲಿ ಬಿಟ್ಟು ಮರಳಿ ಬಂದರು, ವರ್ಷಗಟ್ಟಲೆ ಇಲ್ಲೇ ಉಳಿದರು. ಬೆಂಗಳೂರಿನಲ್ಲಿ ಪ್ರತಿಮೆ ನಿಲ್ಲಿಸಿದ್ದೇವೆ. ಹಾರ ಹಾಕುವ ಪ್ರತಿ ಜಯಂತಿಯಲ್ಲೂ ಯಾರಾದರೊಬ್ಬರು ಎದ್ದು ‘ಸಂಸಾರವನ್ನೇ ತೊರೆದು ಕನ್ನಡಕ್ಕೆ ದುಡಿದ ಮಹನೀಯರು’ ಅನ್ನುತ್ತಾರೆ. ಹಾಗನ್ನುವವರ ಸ್ವಂತ ಮಕ್ಕಳು ಮುಂದಿನ ಸಾಲಿನಲ್ಲಿ ಕೂತು ಮೊಬೈಲು ನೋಡುತ್ತಿರುತ್ತವೆ. ಪರರ ಸಂಸಾರ ತೊರೆದರೆ ನಮಗೇನು ಖರ್ಚು?

ಈಗ ನನ್ನ ಕತೆ.

ನನ್ನವ್ವ ಮಿಷನ್ ಬಂಗಲೆಯ ಆಯಾ. ಬಯಲುಸೀಮೆಯ ಒಂದು ಊರು, ಆಸ್ಪತ್ರೆ, ಅದರ ಹಿಂದೆ ಬಂಗಲೆ, ಬಂಗಲೆಯ ಹಿಂದೆ ಕುದುರೆ ಕಟ್ಟುತ್ತಿದ್ದ ಸಾಲಿನಲ್ಲಿ ನಾವು. ಕುದುರೆ ಹೋಗಿದ್ದವು, ವಾಸನೆ ಹೋಗಿರಲಿಲ್ಲ. ಸಾಹೇಬರು ಡಾಕ್ಟರು. ಒಳ್ಳೆಯವರು. ಅಪರಾತ್ರಿಯಲ್ಲಿ ಎದ್ದು ಹೊಲೆಗೇರಿಗೆ ಬಂದು ಹೆರಿಗೆ ಮಾಡಿಸಿದ ಮನುಷ್ಯ. ಊರ ಗೌಡರ ಬಾವಿಗೆ ನಾವು ಹೋಗಲಾರದ ಕಾಲದಲ್ಲಿ ನಮ್ಮ ನಾಡಿ ಮುಟ್ಟಿದವರು. ಕೆಟ್ಟವರಾಗಿದ್ದರೆ ನನಗೆ ಎಷ್ಟು ಸಲೀಸಾಗುತ್ತಿತ್ತು! ಉಗಿದು ಮುಗಿಸುತ್ತಿದ್ದೆ.

ಅವರಿಗೆ ಇಬ್ಬರು ಮಕ್ಕಳು. ಅವ್ವ ನಸುಕಿನಲ್ಲಿ ಹೋದರೆ ಅವು ಮಲಗಿದ ಮೇಲೆ ಬರುತ್ತಿದ್ದಳು. ಅವಕ್ಕೆ ಜೋಳದ ರೊಟ್ಟಿ ಚೂರು ಮಾಡಿ ಹಾಲಿನಲ್ಲಿ ಕಲಸಿ ಗುಟ್ಟಾಗಿ ತಿನ್ನಿಸುತ್ತಿದ್ದಳು. ಅವು ನಮಗಿಂತ ಚೊಲೋ ಧಾರವಾಡದ ಕನ್ನಡ ಆಡುತ್ತಿದ್ದವು, ಬೈಗುಳ ಸಮೇತ. ನನ್ನ ತಮ್ಮ ಆಗ ಅಂಬೆಗಾಲಿಡುತ್ತಿದ್ದ. ಅವನನ್ನು ಹೊರುವುದಕ್ಕೆ ಅಕ್ಕ ಇದ್ದಳು, ಅವಳೂ ಕೂಸೇ. ಮಿಷನ್ ಶಾಲೆಯ ಗಂಟೆ ನಮ್ಮ ಹೊಸ್ತಿಲಿಗೆ ಕೇಳಿಸುತ್ತಿತ್ತು. ಫೀ ಇರಲಿಲ್ಲ, ಸ್ಲೇಟು ಪುಕ್ಕಟೆ. ಅಕ್ಕ ಒಂದು ದಿನವೂ ಆ ಶಾಲೆಗೆ ಹೋಗಲಿಲ್ಲ.

ಹೆಣ್ಣುಮಕ್ಕಳ ಶಿಕ್ಷಣಕ್ಕೆ ಮಿಷನ್ನಿನ ಕೊಡುಗೆ ಅಂತ ಮೊನ್ನೆ ಯಾರೋ ಪಿಎಚ್‌ಡಿ ಮಾಡಿದರು. ಆಮಂತ್ರಣ ನನಗೂ ಬಂದಿತ್ತು.

ದೊಡ್ಡ ಹುಡುಗನನ್ನು ನೀಲಗಿರಿಯ ಬೋರ್ಡಿಂಗಿಗೆ ಕಳಿಸುವ ದಿನ ಅವನು ಅವ್ವನ ಸೆರಗು ಹಿಡಿದು ಬಿಡಲೊಲ್ಲ. ದೊರೆಸಾನಿ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆಕೆ ಅಳಲಿಲ್ಲ. ಕರ್ತನಿಗೆ ಕೊಟ್ಟದ್ದಕ್ಕೆ ಅಳಬಾರದಂತೆ. ಆಕೆಯ ಕುತ್ತಿಗೆಯ ನರ ಮಾತ್ರ ಕುಣಿಯುತ್ತಿದ್ದವು, ನಾನು ಕಂಡೆ. ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ. ಆಕೆಗೆ ಅಳುವುದನ್ನೂ ಬಿಡದ ದೇವರ ಮೇಲೆ, ಅಲ್ಲ, ಆ ದೇವರ ಹೆಸರಲ್ಲಿ ರೂಲು ಬರೆಯುವ ಕಮಿಟಿಯ ಮೇಲೆ. ಅವ್ವ ಆ ರಾತ್ರಿ ಒಲೆ ಹಚ್ಚಲಿಲ್ಲ. ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು. ‘ನನ್ನ ಕೂಸು ಎಲ್ಲಿ ಮಲಗೈತೋ’ ಅಂದಳು.

ನಾನು ಅಲ್ಲೇ ಪಕ್ಕದಲ್ಲಿ ಮಲಗಿದ್ದೆ, ಹಸಿದು.

ಫೋಟೋದ ವಿಷಯ ಹೇಳದೆ ಬಿಡಲಾರೆ. ಸಾಹೇಬರ ದೇಶದಿಂದ ಯಾರೋ ಕ್ಯಾಮೆರಾ ತಂದಿದ್ದರು, ಅಲ್ಲಿನ ಸಭೆಗಳಲ್ಲಿ ತೋರಿಸಿ ಕಾಣಿಕೆ ಎತ್ತಲಿಕ್ಕೆ. ನಾನು ಕ್ರಿಸ್‌ಮಸ್ಸಿಗೆ ಬಂಗಲೆಯವರೇ ಕೊಟ್ಟಿದ್ದ ನೀಲಿ ಅಂಗಿ ಹಾಕಿಕೊಂಡು ಓಡಿಬಂದೆ. ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದೆ. ಆ ಮನುಷ್ಯ ನೋಡಿ ತಲೆ ಆಡಿಸಿದ, ಏನೋ ಅಂದ. ನಮ್ಮ ಉಪದೇಶಿ ನನ್ನ ಕಿವಿ ಹಿಂಡಿ ಹೇಳಿದ: ‘ಅಂಗಿ ಕಳೀಲೇ. ಕೂದಲಾ ಕೆದರಿಕೋ.’

ಕಳೆದೆ. ಕೆದರಿಕೊಂಡೆ. ನಗಬಾರದು ಅಂದರು, ನಗಲಿಲ್ಲ. ಅದೇ ಹೊತ್ತಿಗೆ ಬಂಗಲೆಯ ಮೆಟ್ಟಿಲ ಮೇಲೆ ಸಾಹೇಬರ ಮಗಳನ್ನು ಗೊಂಬೆಯಂತೆ ನಿಲ್ಲಿಸಿ ಇನ್ನೊಂದು ಫೋಟೋ ತೆಗೆದರು. ಅವಳಿಗೂ ನಗಬಾರದು ಅಂದಿದ್ದರೋ ಏನೋ, ಅವಳೂ ನಗಲಿಲ್ಲ. ನನ್ನ ಬಡತನಕ್ಕೆ ಒಂದು ಕಾಣಿಕೆ, ಅವಳ ಅನಾಥತನಕ್ಕೆ ಒಂದು ಕಾಣಿಕೆ. ಎರಡೂ ಒಂದೇ ಡಬ್ಬಿಗೆ ಬಿದ್ದಿರಬೇಕು.

ಅವರು ದೇಶಕ್ಕೆ ಮರಳುವಾಗ ಅವ್ವನಿಗೆ ಒಂದು ಚೀಟಿ ಕೊಟ್ಟರು, ಇಂಗ್ಲಿಷಿನಲ್ಲಿ. ಪಿಂಚಣಿಯಲ್ಲ, ಜಾಗವಲ್ಲ, ಚೀಟಿ. ಅವ್ವ ಅದನ್ನು ಬೈಬಲಿನೊಳಗೆ ಇಟ್ಟಿದ್ದಳು. ಎರಡನ್ನೂ ಓದಲು ಆಕೆಗೆ ಬರುತ್ತಿರಲಿಲ್ಲ. ನಾನು ಹೈಸ್ಕೂಲಿಗೆ ಬಂದ ಮೇಲೆ ತೆಗೆದು ಓದಿದೆ. ಪ್ರಾಮಾಣಿಕಳು. ಸ್ವಚ್ಛವಾಗಿರುತ್ತಾಳೆ. ಮಕ್ಕಳನ್ನು ತುಂಬ ಪ್ರೀತಿಸುತ್ತಾಳೆ.

ಯಾರ ಮಕ್ಕಳನ್ನು?

ಮಿಷನರಿಗಳ ಮಕ್ಕಳ ಸಂಕಟಕ್ಕೆ ಆಮೇಲೆ ಸಂಶೋಧಕರು ಸಿಕ್ಕರು. ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಯೂಸೀಮ್ 1950ರ ದಶಕದಲ್ಲಿ ಭಾರತದಲ್ಲೇ ಇದ್ದು, ಹೀಗೆ ಪರದೇಶದಲ್ಲಿ ಬೆಳೆಯುವ ಮಕ್ಕಳಿಗೆ ‘ಮೂರನೆಯ ಸಂಸ್ಕೃತಿಯ ಮಕ್ಕಳು’ ಅಂತ ಹೆಸರಿಟ್ಟರು. ಪುಸ್ತಕ ಬಂದವು, ಸಮ್ಮೇಳನ ನಡೆದವು, ಸಲಹೆಗಾರರು ಹುಟ್ಟಿಕೊಂಡರು. ಬರಲಿ, ಬೇಡ ಅನ್ನಲಿಲ್ಲ. ಆದರೆ ಅಡುಗೆಮನೆಯ ಹಿಂಬಾಗಿಲಲ್ಲಿ ಕೂತು ತನ್ನ ಅವ್ವ ಇನ್ನೊಬ್ಬರ ಕೂಸಿಗೆ ಲಾಲಿ ಹಾಡುವುದನ್ನು ಕೇಳಿಸಿಕೊಂಡು ಬೆಳೆದ ಮಕ್ಕಳು ಎಷ್ಟನೆಯ ಸಂಸ್ಕೃತಿ ತಾಯಿ? ನಮ್ಮ ನಂಬರು ಬರುವಷ್ಟರಲ್ಲಿ ಸಮ್ಮೇಳನದ ಊಟ ಮುಗಿದಿತ್ತು.

ಬೋರ್ಡಿಂಗುಗಳೊಳಗೆ ಏನು ನಡೆಯುತ್ತಿತ್ತು ಅನ್ನುವುದು ಹೊರಬೀಳಲು ಇನ್ನೂ ತಡವಾಯಿತು. ಪಶ್ಚಿಮ ಆಫ್ರಿಕಾದ ಗಿನಿಯಲ್ಲಿ ಮಾಮು ಎಂಬ ಊರು. ಅಮೆರಿಕದ ಮಿಷನ್ನೊಂದು ಅಲ್ಲಿ ತನ್ನ ಸೇವಕರ ಮಕ್ಕಳಿಗಾಗಿ ಶಾಲೆ ನಡೆಸುತ್ತಿತ್ತು. ಅಲ್ಲಿ ಓದಿದವರು ನಡುವಯಸ್ಸಿಗೆ ಬಂದ ಮೇಲೆ ಬಾಯಿ ಬಿಟ್ಟರು. ಹೊಡೆತ, ಅವಮಾನ, ಮೈಮೇಲೆ ಕೈಹಾಕಿದ್ದು. ವರ್ಷಗಟ್ಟಲೆ ಬಡಿದಾಡಿದ ಮೇಲೆ ಸ್ವತಂತ್ರ ಆಯೋಗ ಕೂತು ವರದಿ ಕೊಟ್ಟಿತು: ನಿಜ, ನಡೆದಿದೆ. ಅಪ್ಪ ಅವ್ವನಿಗೆ ಯಾಕೆ ಹೇಳಲಿಲ್ಲ? ಮಕ್ಕಳ ಪತ್ರಗಳನ್ನು ಶಾಲೆಯವರು ಮೊದಲು ಓದುತ್ತಿದ್ದರು. ನೀನು ದೂರು ಹೇಳಿದರೆ ನಿಮ್ಮಪ್ಪನ ಸೇವೆ ನಿಲ್ಲುತ್ತದೆ, ಆತ್ಮಗಳು ನಾಶವಾಗುತ್ತವೆ, ಅದರ ಪಾಪ ನಿನ್ನದು ಎಂಬ ಹೆದರಿಕೆ ಬೇರೆ. ಎಂಟು ವರ್ಷದ ಹೆಗಲ ಮೇಲೆ ಒಂದು ಖಂಡದ ನರಕ.

ಇಷ್ಟು ಓದಿ ಬಾಗಿಲ ಹೊರಗೆ ಕೇಸರಿ ಶಾಲಿನವರು ಕಿಸಿಕಿಸಿ ನಗುತ್ತಿರುವುದು ಕೇಳಿಸುತ್ತಿದೆ. ಬನ್ನಿ, ನಿಮ್ಮ ಲೆಕ್ಕ.

1999ರ ಜನವರಿ 22ರ ರಾತ್ರಿ, ಒಡಿಶಾದ ಮನೋಹರಪುರ. ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಮಕ್ಕಳೊಂದಿಗೆ ಗಾಡಿಯಲ್ಲಿ ಮಲಗಿದ್ದರು. ಫಿಲಿಪ್‌ಗೆ ಹತ್ತು ವರ್ಷ, ತಿಮೊಥಿಗೆ ಆರು. ಊಟಿಯ ಬೋರ್ಡಿಂಗಿನಿಂದ ರಜೆಗೆ ಬಂದಿದ್ದವು. ಅಪ್ಪನ ಮಗ್ಗುಲಲ್ಲಿ ಮಲಗುವುದು ಆ ಮಕ್ಕಳಿಗೆ ರಜೆಯಲ್ಲಷ್ಟೇ ಸಿಗುವ ಭಾಗ್ಯ. ಸುಟ್ಟರು. 2011ರಲ್ಲಿ ಸುಪ್ರೀಂ ಕೋರ್ಟು ಆ ಕೊಲೆಯ ಅಪರಾಧಿ ದಾರಾ ಸಿಂಗನ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಸ್ಟೇನ್ಸ್‌ಗೆ ಪಾಠ ಕಲಿಸುವ ಉದ್ದೇಶವಿತ್ತು ಎಂಬ ಮಾತೂ ಆ ತೀರ್ಪಿನಲ್ಲಿ ನುಸುಳಿತ್ತು. ಗದ್ದಲವಾದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಅಳಿಸಿದರು. ಧರ್ಮರಕ್ಷಕರೇ, ಆರು ವರ್ಷದ ತಿಮೊಥಿಗೆ ಯಾವ ಪಾಠ ಬಾಕಿ ಇತ್ತು? ಅವನಿಗೂ ಯಾವ ಕರೆಯೂ ಬಂದಿರಲಿಲ್ಲ.

ಒಬ್ಬರು ಮಕ್ಕಳನ್ನು ದೇವರಿಗೆ ಕೊಟ್ಟರು, ಇನ್ನೊಬ್ಬರು ಬೆಂಕಿಗೆ ಕೊಟ್ಟರು. ಎರಡೂ ಒಂದೇ ಅಂತ ಹೇಳುವಷ್ಟು ನಾನು ಮೂರ್ಖನಲ್ಲ. ಕೊಲೆ ಕೊಲೆಯೇ. ಆದರೆ ಕೂಸನ್ನು ಕೇಳಬೇಕು ಅಂತ ಇಬ್ಬರಿಗೂ ಅನಿಸಲಿಲ್ಲ ನೋಡಿ.

ಹೋಗಲಿ, ಬಿಳಿಯರು ಹೋದರು. ಬಂಗಲೆ ಯಾರದು ಅಂತ ಈಗ ನಮ್ಮವರೇ ಕೋರ್ಟಿನಲ್ಲಿ ಹೊಡೆದಾಡುತ್ತಿದ್ದಾರೆ. ಆದರೆ ಬಿಳಿಯರು ಬಿಟ್ಟುಹೋದ ಒಂದನ್ನು ಮಾತ್ರ ನಾವು ಜಗಳವಿಲ್ಲದೆ ಹಂಚಿಕೊಂಡಿದ್ದೇವೆ. ಈಗ ನಮ್ಮವರೂ ಮಿಷನರಿಗಳು. ಅವ್ವ ಬಂಗಲೆಯಲ್ಲಿದ್ದಾಗ ಅಂಬೆಗಾಲಿಡುತ್ತಿದ್ದ ಆ ತಮ್ಮನ ಮಗ ಹೆಂಡತಿಯೊಂದಿಗೆ ನೇಪಾಳದಲ್ಲಿ ಸೇವೆಗೆ ನಿಂತಿದ್ದಾನೆ. ಅವನ ಮಗ, ನನ್ನ ಮೊಮ್ಮಗ, ಒಂದನೇ ಇಯತ್ತೆ. ಅಲ್ಲಿ ಒಳ್ಳೆ ಶಾಲೆಯಿಲ್ಲವಂತೆ, ಚಳಿಯಂತೆ, ಸೇವೆಗೆ ಅಡ್ಡಿಯಂತೆ. ಇಲ್ಲೇ ಸೇವಕರ ಮಕ್ಕಳ ಹಾಸ್ಟೆಲ್ಲಿಗೆ ಹಾಕಿದ್ದಾರೆ.

ಹಾಕುವ ಮುಂಚೆ ಸಭೆಯಲ್ಲಿ ಆ ಕೂಸನ್ನು ವೇದಿಕೆಗೆ ಕರೆದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಮನೆತನದ ಹಿರಿಯ ಅಂತ ನನ್ನನ್ನೂ ಕರೆದರು. ಮೈಕು ಕೈಗೆ ಬಂತು. ನಾನು ಬಗ್ಗಿ ಹುಡುಗನನ್ನೇ ಕೇಳಿದೆ: ‘ನಿನಗ ಹೋಗಬೇಕಂತ ಐತೇನಪಾ?’ ಅವನು ಇಲ್ಲ ಅಂತ ತಲೆ ಆಡಿಸಿದ. ಅದನ್ನು ಇಡೀ ಸಭೆ ನೋಡಿತು. ಪಾಸ್ಟರು ಮೈಕು ಕಸಿದುಕೊಂಡು ಹಾಡಿನ ನಂಬರು ಹೇಳಿದರು, ಎಲ್ಲರೂ ಎದ್ದುನಿಂತು ಹಾಡಿದರು. ತಮ್ಮನ ಮಗ ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ‘ದೊಡ್ಡಪ್ಪನೊಳಗ ಸೈತಾನ ಹೊಕ್ಕಾನ’ ಅಂದನಂತೆ.

ಹೊಕ್ಕಿರಬಹುದು. ಆದರೆ ಆ ಸೈತಾನನಾದರೂ ಕೂಸನ್ನು ಕೇಳಿದನಲ್ಲ.

ಭಾನುವಾರ ಸಂಜೆ ಹಾಸ್ಟೆಲ್ಲಿಗೆ ಫೋನ್ ಹಚ್ಚುತ್ತೇನೆ. ‘ಆರಾಮ ಅದೀನಿ ಅಜ್ಜ. ಚೊಲೋ ಊಟ ಹಾಕ್ತಾರ. ದಿನಾ ಪ್ರಾರ್ಥನಾ ಮಾಡ್ತೀನಿ.’ ಪ್ರತಿ ವಾರ ಅದೇ ಮೂರು ಮಾತು, ಅದೇ ಕ್ರಮದಲ್ಲಿ. ಹಿಂದೆ ಯಾರೋ ಕೆಮ್ಮುವುದು ಕೇಳುತ್ತದೆ. ಪತ್ರ ತಿದ್ದುವ ಕಾಲ ಹೋಯಿತು ಅಂದವರು ಯಾರು? ನಾನೂ ಎಷ್ಟು ದಿನ ಅಂತ ಹವಾಮಾನ ಕೇಳಲಿ? ಈ ಸಲ ಹುಡುಗನಿಗೆ ಏನೂ ಕೇಳುವುದಿಲ್ಲ, ಆ ಕೆಮ್ಮಿಗೇ ಹೇಳುತ್ತೇನೆ. ವಾರ್ಡನ್ ಸಾಹೇಬ್ರ, ಸ್ಪೀಕರ್ ಬಂದ್ ಮಾಡ್ರಿ. ಫೋನ್ ಹುಡುಗನ ಕೈಯಾಗ ಕೊಟ್ಟು ಹೊರಗ ಹೋಗ್ರಿ.