ಗೌಜಲ ಹಕ್ಕಿಯೂ ಹೊಲದ ಬದುವೂ

ಮದ್ದೂರಿನ ಶಿವಪುರವೆಂದೊಡನೆ ವಿದ್ಯಾರ್ಥಿಗಳಿಗೆ 1938ರ ಧ್ವಜ ಸತ್ಯಾಗ್ರಹವು ನೆನಪಿಗೆ ಬರುವುದು ಸಹಜ. ಅಲ್ಲಿಯ ಸತ್ಯಾಗ್ರಹ ಸೌಧವನ್ನು ನೋಡಲು ಹೋದವರು ಸುತ್ತಣ ಹೊಲಗದ್ದೆಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕೆಂಬುದು ನಮ್ಮ ಕೋರಿಕೆ. ಆ ನೆಲಕ್ಕೂ ಒಂದು ಚರಿತ್ರೆಯುಂಟು. ಅದನ್ನು ತಿಳಿಯಲು ನಾವು ಗೌಜಲ ಹಕ್ಕಿಯನ್ನು ಕೇಳಬೇಕು.

ಗೌಜಲ ಹಕ್ಕಿ ಕೋಳಿಯ ಬಳಗಕ್ಕೆ ಸೇರಿದುದು. ಅಪಾಯವನ್ನು ಕಂಡರೆ ಮೊದಲು ಓಡುತ್ತದೆ. ತೀರ ಸಮೀಪಿಸಿದಾಗ ಮಾತ್ರ ಬರ್ರನೆ ಹಾರಿ ಸ್ವಲ್ಪ ದೂರದಲ್ಲಿಯೇ ಇಳಿಯುತ್ತದೆ. ಕಾಳು, ಕಳೆಗಿಡಗಳ ಬೀಜ, ಗೆದ್ದಲು ಮೊದಲಾದ ಹುಳುಗಳು ಇದರ ಆಹಾರ. ಪೊದೆಯ ಬುಡದಲ್ಲಿ ನೆಲವನ್ನು ಕೆರೆದು ಮೊಟ್ಟೆಯಿಡುತ್ತದೆ. ಲಾವುಗೆಯೆಂದೂ ಕರೆಯಲ್ಪಡುವ ಬುರ್ಲಿಯೂ ಹೀಗೆಯೇ ನೆಲವನ್ನು ನೆಚ್ಚಿದ ಹಕ್ಕಿ. ಇವೆರಡರ ಮಾಂಸಕ್ಕೆ ಮನಸೋತವರು ಹಿಂದೆ ಬಲೆ, ಉರುಲು, ಕೋವಿಗಳೊಡನೆ ಹೊಲಗಳಲ್ಲಿ ಅಲೆಯುತ್ತಿದ್ದರು. ಸಾಕಿದ ಗೌಜಲವನ್ನು ಪಂಜರದಲ್ಲಿಟ್ಟು ಕೂಗಿಸಿ, ಕಾಡಿನ ಗೌಜಲವನ್ನು ಸೆಳೆಯುವ ಉಪಾಯವೂ ಬಳಕೆಯಲ್ಲಿತ್ತು.

ಕಾವೇರಿಯ ನಾಲೆ ಬರುವುದಕ್ಕೆ ಮುಂಚೆ ಈ ಸೀಮೆಯ ಬಹುಭಾಗವು ಮಳೆಯನ್ನು ನಂಬಿದ ಹೊಲ. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಹೊಲದ ಸುತ್ತ ಬದು, ಬದುವಿನ ಮೇಲೆ ಹುಲ್ಲು, ಮುಳ್ಳುಬೇಲಿ, ಊರಾಚೆ ಗೋಮಾಳ. 1911ರಲ್ಲಿ ಕೃಷ್ಣರಾಜಸಾಗರದ ಕಟ್ಟೋಣವು ಆರಂಭವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆಯ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ, ನೀರು ಮಂಡ್ಯದ ಬಯಲಿಗೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪಿತವಾಯಿತು. ರಾಗಿಯ ಹೊಲಗಳು ಭತ್ತದ ಗದ್ದೆಗಳಾದುವು, ಕಬ್ಬಿನ ತೋಟಗಳಾದುವು. ಬರದ ಭಯದಲ್ಲಿದ್ದ ಜನಕ್ಕೆ ಇದರಿಂದಾದ ಉಪಕಾರವು ಅಪಾರವಾದುದು. ಅದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ.

ಆದರೆ ಹಕ್ಕಿಯ ದೃಷ್ಟಿಯಿಂದ ನೋಡೋಣ. ನೀರು ನಿಂತ ಗದ್ದೆಯಲ್ಲಿ ನೆಲಗೂಡಿಗೆ ಎಡೆಯಿಲ್ಲ. ಕಬ್ಬು ಅಡಗುವುದಕ್ಕೆ ಮರೆಯಾಗಬಹುದು. ಆದರೆ ಕಟಾವಿನ ಬಳಿಕ ಒಣಗರಿಗೆ ಬೆಂಕಿಯಿಟ್ಟರೆ ಅಲ್ಲಿದ್ದ ಮೊಟ್ಟೆಮರಿಗಳು ಉಳಿಯುವುದೆಂತು? ಬದುವನ್ನು ಕೆತ್ತಿ ಕಿರಿದುಮಾಡಿ ಕಳೆನಾಶಕವನ್ನು ಸಿಂಪಡಿಸಿದರೆ ಬೀಜವೂ ಇಲ್ಲ, ಹುಳುವೂ ಇಲ್ಲ. ಸಾಲದುದಕ್ಕೆ, 2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ದಶಪಥವು ಈ ತಾಲ್ಲೂಕಿನ ಮೂಲಕವೇ ಸಾಗಿದೆ. ಅಂಥ ಹೆದ್ದಾರಿಯ ಮಗ್ಗುಲಲ್ಲಿ ಹೊಲವು ನಿವೇಶನವಾಗಲು ಎಷ್ಟು ಕಾಲ ಬೇಕು?

ಬೇಟೆಯನ್ನು ನಿಷೇಧಿಸಿದೆಯಲ್ಲ, ಇನ್ನೇನು ಭಯವೆಂದು ಕೆಲವರು ಕೇಳಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮೊದಲಿಗೆ ಪರವಾನಗಿ ಪಡೆದು ಸಣ್ಣ ಬೇಟೆಯಾಡಲು ಅವಕಾಶವನ್ನು ಉಳಿಸಿತ್ತು. 1991ರ ತಿದ್ದುಪಡಿಯು ಅದನ್ನೂ ತೆಗೆದುಹಾಕಿತು. ಇದು ಯುಕ್ತವಾದ ಕ್ರಮವೇ. ಆದರೆ ಕಾಯಿದೆಯು ಕೋವಿಯನ್ನು ತಡೆಯಬಲ್ಲುದು, ಪೊದೆಯನ್ನು ಬೆಳೆಸಲಾರದು.

ಇಂಗ್ಲೆಂಡಿನ ಅನುಭವವು ಇಲ್ಲಿ ಬೋಧಪ್ರದವಾಗಿದೆ. ಗೌಜಲದ ಬಂಧುವಾದ ಬೂದು ಪಾರ್ಟ್ರಿಜ್ ಹಕ್ಕಿಯು ಅಲ್ಲಿ ಕಡಮೆಯಾಗುತ್ತಿರುವುದನ್ನು ಮೊದಲು ಗುರುತಿಸಿದವರಲ್ಲಿ ಬೇಟೆಗಾರರೂ ಇದ್ದರು. ವರ್ಷವರ್ಷವೂ ಹೊಡೆದ ಹಕ್ಕಿಗಳ ಲೆಕ್ಕವನ್ನು ಅವರು ಬರೆದಿಟ್ಟಿದ್ದರು. 1968ರಿಂದ ಸಸೆಕ್ಸ್ ಪ್ರಾಂತದಲ್ಲಿ ಡಿಕ್ ಪಾಟ್ಸ್ ಎಂಬ ವಿಜ್ಞಾನಿಯು ನಡೆಸಿದ ಸಂಶೋಧನೆಯಿಂದ ಒಂದು ಮುಖ್ಯ ಕಾರಣವು ಬೆಳಕಿಗೆ ಬಂದಿತು. ಮರಿಗಳಿಗೆ ಮೊದಲ ಎರಡು ವಾರ ಹುಳುಗಳೇ ಆಹಾರ. ಕಳೆನಾಶಕದಿಂದ ಕಳೆ ಹೋಯಿತು, ಕಳೆಯೊಡನೆ ಹುಳು ಹೋಯಿತು, ಮರಿಗಳು ಉಪವಾಸದಿಂದ ಸತ್ತುವು. 1960ರ ದಶಕದ ಕೊನೆಯಿಂದೀಚೆಗೆ ಅಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮೀರಿ ಆ ಹಕ್ಕಿ ಇಳಿದಿದೆ. ಹೊಲದ ಅಂಚಿನ ಒಂದು ಪಟ್ಟಿಗೆ ಔಷಧ ಹೊಡೆಯದೆ ಬಿಟ್ಟಲ್ಲಿ ಹೆಚ್ಚು ಮರಿಗಳು ಬದುಕಿದುವು.

ನಮ್ಮ ಗೌಜಲವು ಅಳಿವಿನ ಅಂಚಿನಲ್ಲಿರುವ ಹಕ್ಕಿಯಲ್ಲ. ಆದಕಾರಣವೇ ಈಗ ಮಾತನಾಡಬೇಕು; ಅಪರೂಪವಾದ ಮೇಲೆ ಕಾಪಾಡುವುದಕ್ಕಿಂತ ಸಾಮಾನ್ಯವಾಗಿರುವುದನ್ನು ಸಾಮಾನ್ಯವಾಗಿಯೇ ಉಳಿಸುವುದು ಸುಲಭ. ಇದಕ್ಕಾಗಿ ರೈತನು ಗದ್ದೆಯನ್ನು ಬಿಟ್ಟುಕೊಡಬೇಕಾಗಿಲ್ಲ. ಬದುವಿನ ಮೇಲೆ ಎರಡು ಮೊಳ ಹುಲ್ಲು ಉಳಿಯಲಿ, ಅಲ್ಲಿಗೆ ವಿಷ ಬೀಳದಿರಲಿ. ಕಬ್ಬಿನ ಒಣಗರಿಯನ್ನು ಸುಡದೆ ಮಣ್ಣಿಗೆ ಹೊದಿಸಲಿ, ತೇವವೂ ಉಳಿದೀತು. ಖುಷ್ಕಿಯಲ್ಲಿ ಅಕ್ಕಡಿ ಸಾಲು ಮರಳಲಿ. ಆದರೆ ಈ ಹೊರೆಯನ್ನೆಲ್ಲ ರೈತನ ತಲೆಯ ಮೇಲೆಯೇ ಹೇರುವುದು ನ್ಯಾಯವಲ್ಲ. ಬದುವನ್ನು ಉಳಿಸಿದವನಿಗೆ ಸರ್ಕಾರವು ಸಹಾಯಧನ ಕೊಡಬೇಕು. ಗೋಮಾಳವನ್ನು ಗೋಮಾಳವಾಗಿಯೇ ಕಾಯಬೇಕು.

ಇನ್ನು ವಿದ್ಯಾರ್ಥಿಮಿತ್ರರಿಗೆ ಒಂದು ಮಾತು. ಹೊಲದ ಹಕ್ಕಿಯನ್ನು ಸ್ವಾರ್ಥಕ್ಕಾಗಿಯಾದರೂ ಗಮನಿಸುತ್ತಿದ್ದ ಬೇಟೆಗಾರನು ಮರೆಯಾದನು. ಅವನ ಕಣ್ಣಿನ ಜಾಗವನ್ನು ತುಂಬುವವರು ಬೇಕು. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರ ಟಿಪ್ಪಣಿಗಳನ್ನು ಆಧರಿಸಿದುದು. ಅವರಲ್ಲಿ ಬಹುಮಂದಿ ಹವ್ಯಾಸಿಗಳು. ಬಯಲು ಹುಲ್ಲುಗಾವಲುಗಳನ್ನೇ ನೆಚ್ಚಿದ ಹಕ್ಕಿಗಳು ಬಹಳವಾಗಿ ಇಳಿದಿವೆಯೆಂದು ಅದು ಎಚ್ಚರಿಸಿದೆ. ವಾರಕ್ಕೊಂದು ಮುಂಜಾನೆ ನಿಮ್ಮೂರಿನ ಒಂದೇ ಬದುವಿನ ಮೇಲೆ ಅರ್ಧ ಗಂಟೆ ನಿಂತು, ಕೇಳಿಸಿದ ಗೌಜಲದ ಕೂಗುಗಳನ್ನು ಎಣಿಸಿ ಬರೆದಿಡಿ. ಅದೇ ಬದುವಿನಲ್ಲಿ ಮುಂದಿನ ವರ್ಷವೂ ಎಣಿಸಿ. ಹತ್ತು ವರ್ಷಗಳ ಅಂಥ ಪುಸ್ತಕವೊಂದು ಶಿವಪುರದ ಶಾಲೆಯಲ್ಲಿದ್ದರೆ, ಆ ನೆಲಕ್ಕೆ ಏನಾಗುತ್ತಿದೆಯೆಂದು ಊಹೆಯಿಂದ ವಾದಿಸುವ ಅಗತ್ಯ ಯಾರಿಗೂ ಇರದು.